ಅರವತ್ತೆರಡು ಆಸನಗಳ ಟೀಚರು

ಹಗರಿಬೊಮ್ಮನಹಳ್ಳಿಯನ್ನು ಯಾರಾದರೂ ‘ಹಬೊಹಳ್ಳಿ’ ಎಂದರೆ ನಮ್ಮ ಗಣಿತದ ಟೀಚರು ಅವರನ್ನು ಸುಮ್ಮನೆ ಬಿಟ್ಟದ್ದನ್ನು ನಾನು ಕಂಡಿಲ್ಲ. ಬಸ್ಸಿನ ಕಂಡಕ್ಟರಾದರೂ ಸರಿ, ತಪಾಸಣೆಗೆ ಬಂದ ಸಾಹೇಬರಾದರೂ ಸರಿ. ‘ಎಂಟು ಅಕ್ಷರದ ಊರು ಅದು. ಎಂಟೂ ಅನ್ರಿ’ ಎನ್ನುತ್ತಿದ್ದರು. ಕೊಟ್ಟೂರಿನಿಂದ ದಿನಾ ಕೂಡ್ಲಿಗಿ ಕಡೆಯ ನಮ್ಮ ಶಾಲೆಗೆ ಓಡಾಡುತ್ತಿದ್ದವರು ಅವರು. ಅವರಿದ್ದ ಬಸ್ಸಿನ ಕಂಡಕ್ಟರುಗಳೆಲ್ಲ ಒಂದು ತಿಂಗಳೊಳಗೆ ಊರುಗಳ ಹೆಸರನ್ನು ಪೂರ್ತಿ ಕೂಗುವುದಕ್ಕೆ ಕಲಿತರು. ಅವರು ಇಳಿದ ಮೇಲೆ ಮತ್ತೆ ಮೊಟಕು ಮಾಡುತ್ತಿದ್ದರು, ಆ ಮಾತು ಬೇರೆ.

ಹೋದ ತಿಂಗಳು ಅವರು ನಿವೃತ್ತರಾದರು. ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಒತ್ತು ದೀರ್ಘಗಳನ್ನೆಲ್ಲ ಬೆರಳಿಟ್ಟು ನೋಡಿ, ಮರುದಿನ ಬೆಳಿಗ್ಗೆ ನನಗೆ ಫೋನ್ ಮಾಡುತ್ತಾರೆ. ಇಡೀ ಕೂಡ್ಲಿಗಿ ತಾಲ್ಲೂಕಿನಲ್ಲಿ ಅವರ ಕೈಲಿ ಓದಿದವರು ಎಷ್ಟೋ ಮಂದಿ. ಅವರಿಗೆಲ್ಲ ಮೊದಲ ಸಾಲಿನಲ್ಲೇ ಗುರುತು ಸಿಕ್ಕಿರುತ್ತದೆ.

ಕುಳ್ಳಗಿನ ಹೆಂಗಸು. ಓಡುತ್ತಿದ್ದಾರೋ ನಡೆಯುತ್ತಿದ್ದಾರೋ ತಿಳಿಯದ ನಡಿಗೆ. ಹೆಗಲಿಗೆ ತಮ್ಮ ಅರ್ಧದಷ್ಟಿದ್ದ ಒಂದು ಚೀಲ. ಅದರಲ್ಲಿ ಕತ್ತರಿ, ಸೂಜಿ ದಾರ, ಕಾಗದದ ಪೊಟ್ಟಣದಲ್ಲಿ ಮಂಡಕ್ಕಿ, ಮತ್ತು ಹಳೆಯ ಕ್ಯಾಲೆಂಡರಿನ ಹಾಳೆಯಿಂದ ಹೊದಿಕೆ ಹಾಕಿದ ಒಂದು ದಪ್ಪ ಇಂಗ್ಲಿಷ್ ನಿಘಂಟು ಇರುತ್ತಿದ್ದವು. ಬಸ್ಸಿನಲ್ಲಿ ಬೇರೆಯವರು ನಿದ್ದೆ ಮಾಡಿದರೆ ಇವರು ನಿಘಂಟು ಓದುತ್ತಿದ್ದರು. ಗ್ರೀಕ್ ಮಾತಾಡುವ ಒಬ್ಬ ಮನುಷ್ಯನನ್ನೂ ಜನ್ಮದಲ್ಲಿ ಕಂಡವರಲ್ಲ. ಆದರೆ ಗ್ರೀಕ್ ಪದಗಳ ವಿಷಯ ಬಂದರೆ ಬೀಗರ ಮನೆಯ ಸುದ್ದಿ ಹೇಳುವ ಹಾಗೆ ಹೇಳುತ್ತಿದ್ದರು, ಯಾರು ಯಾರ ಮಗ, ಯಾರು ಎಲ್ಲಿಂದ ಎಲ್ಲಿಗೆ ಬಂದ ಎಂದೆಲ್ಲ.

ನಾವು ಹತ್ತನೆಯ ತರಗತಿಗೆ ಬಂದ ವರ್ಷ ನಮ್ಮ ಕ್ಲಾಸಿನಲ್ಲಿ ಅರವತ್ತೆರಡು ಮಂದಿ. ಎರಡು ಭಾಗ ಮಾಡೋಣವೆಂದರೆ ಇನ್ನೊಂದು ಕೋಣೆಯೂ ಇರಲಿಲ್ಲ, ಇನ್ನೊಬ್ಬ ಮೇಷ್ಟ್ರೂ ಇರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಇವರು ಹಾಜರಿ ಎಣಿಸಿ, ಮತ್ತೊಮ್ಮೆ ಎಣಿಸಿ, ಮುಖ ಅರಳಿಸಿಕೊಂಡು ಬೋರ್ಡಿನ ಕಡೆ ತಿರುಗಿದರು. ಎಡತುದಿಯಿಂದ ಬರೆಯತೊಡಗಿದರು. ಬರೆದರು, ಬರೆದರು, ಬೋರ್ಡು ಮುಗಿಯಿತು, ಪದ ಮುಗಿಯಲಿಲ್ಲ. ಉಳಿದದ್ದನ್ನು ಗೋಡೆಯ ಮೇಲೆ ಬರೆದರು.

ರಾಂಬಿಕೋಸಿಡೋಡೆಕಹೀಡ್ರನ್.

ಅರವತ್ತೆರಡು ಮುಖಗಳಿರುವ ಘನಾಕೃತಿಯ ಹೆಸರು ಇದು ಎಂದರು. ನಮಗೆ ನಗು ಬಂತು, ಆಮೇಲೆ ಹೆದರಿಕೆ ಬಂತು. ಹಿಂದಿನ ಬೆಂಚಿನವನೊಬ್ಬ ಇದು ಪರೀಕ್ಷೆಗೆ ಬರುತ್ತದೆಯೇ ಎಂದು ಕೇಳಿದ. ಬರುವುದಿಲ್ಲ, ಅದಕ್ಕೇ ನೆಮ್ಮದಿಯಿಂದ ಕಲಿಯಬಹುದು ಎಂದರು. ಅನ್ನಲಿಕ್ಕೇ ಆಗುವುದಿಲ್ಲ ಎಂದು ನಾವು ರಾಗ ತೆಗೆದಾಗ ಅವರ ಕೈಬೆರಳುಗಳು ಎದ್ದವು. ‘ಹ, ಗ, ರಿ, ಬೊಮ್, ಮ, ನ, ಹಳ್, ಳಿ. ಎಂಟು. ಇದನ್ನ ಹುಟ್ಟಿದಾಗಿಂದ ಅಂತೀರಿ. ಅದಕ್ಕ ಒಂದು ಹೆಚ್ಚು, ಒಂಬತ್ತು. ಒಂದಕ್ಕ ಇಷ್ಟ್ಯಾಕ ಹೆದರ್ತೀರಿ?’

ಉಚ್ಚಾರಕ್ಕೆ ಅವರದೇ ಒಂದು ಕ್ರಮವಿತ್ತು. ಎರಡೂ ಕೈ ಎತ್ತಿ ಹಿಡಿದು ಒಂದೊಂದು ತುಣುಕಿಗೆ ಒಂದೊಂದು ಬೆರಳು ಮಡಚುವುದು. ರಾಂ, ಬಿ, ಕೋ, ಸಿ, ಡೋ, ಡೆ, ಕ, ಹೀ, ಡ್ರನ್. ‘ಹೀ’ಗೆ ಬಂದಾಗ ಗದ್ದ ಸ್ವಲ್ಪ ಮೇಲೇಳುತ್ತಿತ್ತು, ಒತ್ತು ಬೀಳುವುದು ಅಲ್ಲೇ ಎಂದು. ಕೊನೆಗೆ ಒಂದು ಹೆಬ್ಬೆರಳು ಉಳಿಯುತ್ತಿತ್ತು. ಅದು ಯಾಕೆ ಎಂದರೆ, ಉಸಿರಿಗೆ ಎನ್ನುತ್ತಿದ್ದರು.

ಆಮೇಲೆ ಬೇರುಗಳು. ರಾಂಬೊಸ್ ಎಂದರೆ ಗಿರ್ರನೆ ತಿರುಗುವ ವಸ್ತು. ಒಬ್ಬನ ಕಿಸೆಯಿಂದ ಬುಗುರಿ ಕಿತ್ತುಕೊಂಡು ಮೇಜಿನ ಮೇಲೆ ಆಡಿಸಿ ತೋರಿಸಿದರು, ಆ ದಿನ ವಾಪಸ್ಸು ಕೊಡಲೂ ಇಲ್ಲ. ಐಕೊಸಿ ಎಂದರೆ ಇಪ್ಪತ್ತು, ಅಷ್ಟು ತ್ರಿಕೋನಗಳು. ಡೋಡೆಕ ಎಂದರೆ ಹನ್ನೆರಡು, ಅಷ್ಟು ಪಂಚಕೋನಗಳು. ನಮ್ಮ ದ್ವಾದಶವೂ ಅವರ ಡೋಡೆಕವೂ ಒಂದೇ ತಾಯಿಯ ಮಕ್ಕಳು, ಒಬ್ಬ ಈ ಕಡೆ ಬಂದ, ಒಬ್ಬ ಆ ಕಡೆ ಹೋದ ಎಂದರು. ಮೂವತ್ತು ಚೌಕಗಳು ಇವರ ನಡುವೆ ಕೂತಿವೆ. ಒಟ್ಟು ಅರವತ್ತೆರಡು. ಹೆಡ್ರಾ ಎಂದರೆ ಕೂರುವ ಜಾಗ, ಆಸನ. ಯಾವ ಮಗ್ಗುಲಿಗೆ ಉರುಳಿಸಿದರೂ ಇದಕ್ಕೆ ಕೂರಲು ಒಂದು ಜಾಗವಿದೆ. ‘ನೀವು ಅರವತ್ತೆರಡು ಮಂದಿ, ಇದಕ್ಕ ಅರವತ್ತೆರಡು ಆಸನ. ಒಬ್ಬೊಬ್ಬರಿಗೆ ಒಂದೊಂದು’ ಎಂದು ಮಾತು ಮುಗಿಸಿದರು. ಆ ಕ್ಲಾಸಿನಲ್ಲಿ ಮೂವರು ಕೂರುವ ಬೆಂಚಿನಲ್ಲಿ ನಾವು ಐವರು ಕೂರುತ್ತಿದ್ದೆವು.

ಎಲ್ಲರೂ ಮನೆಯಿಂದ ಒಂದೊಂದು ಹಳೆಯ ಬಟ್ಟೆ ತರಬೇಕು, ಅವರು ಅಳತೆಗೆ ಕತ್ತರಿಸುತ್ತಾರೆ, ಎಲ್ಲ ಸೇರಿ ಹೊಲಿದು ಒಂದು ಘನ ಮಾಡುವುದು ಎಂದು ನಿಶ್ಚಯವಾಯಿತು. ಇನ್ನು ಪದ. ಅದನ್ನು ದಿನಾ ಗಣಿತದ ಪಿರಿಯಡ್ಡಿನ ಮೊದಲಿಗೆ ಒಂಬತ್ತು ಮಂದಿ ಒಂದೊಂದು ತುಣುಕಿನಂತೆ ಹೇಳಬೇಕು. ಆ ಒಂಬತ್ತು ಮಂದಿಯನ್ನು ಹೇಗೆ ಆರಿಸಿದರು ಗೊತ್ತೇ? ಕ್ಲಾಸಿನಲ್ಲಿ ಬಾಯಿಯನ್ನೇ ತೆಗೆಯದವರನ್ನು ಹುಡುಕಿ ಹುಡುಕಿ ಎಬ್ಬಿಸಿದರು. ಒಂಬತ್ತನೆಯವಳು ನಾನು. ಗೋಡೆಯ ಮೇಲಿನ ‘ಡ್ರನ್’ ನನ್ನ ಪಾಲಿಗೆ ಬಂತು.

ಬಟ್ಟೆಯ ವಿಷಯದಲ್ಲಿ ಮಾತ್ರ ನಾನು ಕಳ್ಳಿ. ಬೇರೆ ಹುಡುಗಿಯರು ಅವ್ವನ ಇಳಕಲ್ ಸೀರೆಯ ತುಂಡು, ಅಕ್ಕನ ಲಂಗದ ಅಂಚು ತಂದರು. ನಮ್ಮದು ಗುಡೇಕೋಟೆ ಕಡೆಯ ಕುರಿಯವರ ಮನೆ. ಉಡುವ ಬಟ್ಟೆ ಉಟ್ಟು ಹರಿಯುವ ತನಕ ಉಡುತ್ತಿದ್ದೆವು. ಕತ್ತರಿಸಿ ಕೊಡುವಂಥದ್ದು ಎಂದರೆ ಕಂಬಳಿಯೊಂದೇ. ಕರಿಯದು, ಚುಚ್ಚುವಂಥದ್ದು, ಕುರಿ ವಾಸನೆಯದು. ಆ ಬಣ್ಣದ ತುಂಡುಗಳ ನಡುವೆ ಅದನ್ನು ಇಡಲು ನನಗೆ ನಾಚಿಕೆಯಾಗುತ್ತಿತ್ತು. ದಿನಾ ‘ನಾಳಿ ತರ್ತೀನಿ ಟೀಚರ್’ ಎನ್ನುತ್ತಿದ್ದೆ. ಅವರು ದಿನಾ ತಲೆಯಾಡಿಸುತ್ತಿದ್ದರು. ಹೀಗೆ ತಿಂಗಳುಗಳು ಕಳೆದವು.

ಅಷ್ಟರಲ್ಲಿ ಉಳಿದ ಅರವತ್ತೊಂದು ತುಂಡುಗಳು ಕಾನಹೊಸಹಳ್ಳಿಯ ಗೆಳತಿಯೊಬ್ಬಳ ಅಜ್ಜಿಯ ಕೈ ಸೇರಿದವು. ಕೌದಿ ಹೊಲಿಯುವುದರಲ್ಲಿ ಆ ಅಜ್ಜಿಯನ್ನು ಮೀರಿಸಿದವರಿರಲಿಲ್ಲ. ಹಳೆ ಸೀರೆಗಳ ಪದರದ ಮೇಲೆ ತುಂಡು ಜೋಡಿಸಿ, ಹೊಲಿದು ಹಾಸಿದರೆ ಒಂದು ಸುಕ್ಕು ಕಾಣುತ್ತಿರಲಿಲ್ಲ. ಹದಿನೈದು ದಿನ ಬಿಟ್ಟು ಅಜ್ಜಿ ತಾವೇ ಶಾಲೆಗೆ ಬಂದು ನಮ್ಮ ಘನವನ್ನು ಮೇಜಿನ ಮೇಲೆ ಹರಡಿದರು. ಅದು ಅಂಗೈಯಷ್ಟು ಸಮನಾಗಿ ಚಪ್ಪಟೆಯಾಗಿ ಬಿದ್ದುಕೊಂಡಿತು. ಎಷ್ಟು ಎಳೆದರೂ ಉಂಡೆಯಾಗಲೊಲ್ಲದು. ಮೂಲೆ ಮೂಲೆಯಲ್ಲೂ ತುಂಡುಗಳ ನಡುವೆ ಸಣ್ಣ ಸಂದು ಬಂದದ್ದನ್ನು ನೋಡಿ, ಅಕ್ಕೋರು ಕತ್ತರಿಸುವಾಗ ತಪ್ಪಿದ್ದಾರೆಂದು ಅಜ್ಜಿ ಬಟ್ಟೆಯನ್ನು ಹಿಗ್ಗಿಸಿ ಎಲ್ಲ ಸಂದುಗಳನ್ನೂ ಮುಚ್ಚಿಬಿಟ್ಟಿದ್ದರು.

ಟೀಚರು ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಅಜ್ಜಿಗೆ ಸಿಟ್ಟು ಬಂತು. ‘ನನ್ನ ಕೌದಿ ಇವತ್ತಿನ ತನಕ ಎಲ್ಲೂ ಉಬ್ಬಿಲ್ಲ ಅಕ್ಕೋರ’ ಎಂದು ಎದ್ದೇಬಿಟ್ಟರು. ಟೀಚರು ಅವರ ಕೈ ಹಿಡಿದು ಕೂರಿಸಿ, ಒಂದು ತ್ರಿಕೋನ, ಎರಡು ಚೌಕ, ಒಂದು ಪಂಚಕೋನ, ಹೀಗೆ ಕಾಗದದ ನಾಲ್ಕು ತುಂಡು ಜೋಡಿಸಿ ತೋರಿಸಿದರು. ಮುನ್ನೂರ ಅರವತ್ತಕ್ಕೆ ಹನ್ನೆರಡು ಡಿಗ್ರಿ ಕಡಿಮೆ, ಎಳೆ ಬಾಳೆಸುಳಿಯಷ್ಟು ಸಂದು.

‘ಈ ಕಡಿಮಿ ಮುಚ್ಚಬ್ಯಾಡ್ರಿ ಅಜ್ಜಿ. ಎರಡೂ ಅಂಚು ಹಂಗ ಕೂಡಿಸಿ ಹೊಲೀರಿ. ಕಡಿಮಿ ಐತಿ ಅಂತನ ಅದು ಗುಂಡಗ ಆಗೋದು.’

ಅಜ್ಜಿ ಕಾಗದ ಕೂಡಿಸಿ ನೋಡಿದರು. ಅದು ಬೋಗುಣಿಯ ತಳದ ಹಾಗೆ ಸ್ವಲ್ಪ ಉಬ್ಬಿತು. ಎಲ್ಲವನ್ನೂ ಬಿಚ್ಚಿ ಮತ್ತೆ ಹೊಲಿದರು. ಈ ಘನಕ್ಕೆ ಅರವತ್ತು ಮೂಲೆ, ಒಂದೊಂದರಲ್ಲಿ ಹನ್ನೆರಡು ಡಿಗ್ರಿ ಕೊರತೆ, ಎಲ್ಲ ಕೂಡಿಸಿದರೆ ಸರಿಯಾಗಿ ಎರಡು ಪೂರ್ತಿ ಸುತ್ತು ಎಂದು ಟೀಚರು ಲೆಕ್ಕ ಮಾಡಿ ತೋರಿಸಿದರು. ಅಂದಿನಿಂದ ಯಾರು ಏನು ಕಡಿಮೆಯಾಯಿತೆಂದು ಅತ್ತರೂ ‘ಹನ್ನೆರಡು ಡಿಗ್ರಿ’ ಎಂದು ಬೆನ್ನು ತಟ್ಟುವುದು ಅವರ ರೂಢಿಯಾಯಿತು. ಕೆಲವು ಸಲ ನನಗೆ ಅದರಿಂದ ರೇಗುತ್ತಿತ್ತು, ಈಗ ನರ್ಸಾಗಿ ನಾನೇ ರೋಗಿಗಳಿಗೆ ಹಾಗೆ ಹೇಳಿ ಅವರಿಗೆ ಅರ್ಥವಾಗದೆ ಬೈಸಿಕೊಳ್ಳುತ್ತೇನೆ.

ಹೊಲಿದ ಘನದೊಳಗೆ ಹತ್ತಿ ತುಂಬಿದರು. ನನ್ನ ತ್ರಿಕೋನದ ಜಾಗ ಮಾತ್ರ ಬಾಯಿ ತೆರೆದುಕೊಂಡಿತ್ತು. ಮೇಜಿನ ಮೇಲೆ ಆ ತೂತಿನಿಂದ ದಿನಾ ಒಂದಿಷ್ಟು ಹತ್ತಿ ಈಚೆ ಬರುತ್ತಿತ್ತು, ಟೀಚರು ದಿನಾ ಅದನ್ನು ಬೆರಳಿನಿಂದ ಒಳಗೆ ದೂಡುತ್ತಿದ್ದರು.

ಸಂಕ್ರಾಂತಿ ಮುಗಿಯುತ್ತಿದ್ದಂತೆ ನಮ್ಮ ಕಡೆಯ ಕುರಿಗಳು ಮೇವಿಗಾಗಿ ಹೊಳೆಸಾಲಿಗೆ, ಹೊಳೆಯ ದಂಡೆಯ ಊರುಗಳಿಗೆ, ಹೊರಡುತ್ತವೆ. ಪ್ರತಿ ವರ್ಷ ಅಪ್ಪ ಅವ್ವ ಹೋಗುತ್ತಿದ್ದರು, ನಾನು ಅಜ್ಜಿಯ ಜೊತೆ ಊರಲ್ಲಿರುತ್ತಿದ್ದೆ. ಆ ವರ್ಷ ಅವ್ವ ಕಲ್ಲಿನಿಂದ ಜಾರಿ ಕಾಲು ಮುರಿದುಕೊಂಡಳು. ಮಂದೆಯ ಜೊತೆಗಿದ್ದವರಿಗೆ ರೊಟ್ಟಿ ಬಡಿಯಲು ಒಬ್ಬರು ಬೇಕಿತ್ತು. ನಾನು ಹೊರಟೆ. ಪರೀಕ್ಷೆಗೆ ಎರಡು ತಿಂಗಳು ಇತ್ತು. ಅದು ತಪ್ಪಿದರೆ ಮುಂದಿನ ವರ್ಷ ಬರೆದರಾಯಿತು ಎಂದು ಅಪ್ಪ ಹೇಳಿದ. ನಮ್ಮ ಓಣಿಯಲ್ಲಿ ಹಾಗೆ ಮುಂದಿನ ವರ್ಷಕ್ಕೆ ಬಿಟ್ಟ ಒಬ್ಬ ಹುಡುಗಿಯೂ ಪರೀಕ್ಷೆ ಬರೆದಿರಲಿಲ್ಲ. ಅದು ನನಗೂ ಗೊತ್ತಿತ್ತು, ಅಪ್ಪನಿಗೂ ಗೊತ್ತಿತ್ತು. ನಾನು ಟೀಚರಿಗೆ ಹೇಳದೇ ಹೋದೆ. ಹೇಳಲು ಹೋಗಿದ್ದರೆ ಅತ್ತುಬಿಡುತ್ತಿದ್ದೆ.

ನಾನಿಲ್ಲದಾಗ ಕ್ಲಾಸಿನಲ್ಲಿ ಏನಾಯಿತೆಂಬುದನ್ನು ಗೆಳತಿಯರು ಆಮೇಲೆ ಹೇಳಿದರು. ಟೀಚರು ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಗೈರು ಎಂದು ಬರೆಯುತ್ತಿದ್ದರಂತೆ, ನಿಯಮದ ಪ್ರಕಾರ. ಆದರೆ ಪದ ಹೇಳುವಾಗ ಎಂಟನೆಯವನು ‘ಹೀ’ ಎಂದು ಮುಗಿಸಿದ ಮೇಲೆ ಕೈ ಎತ್ತಿ ಎಲ್ಲರನ್ನೂ ತಡೆದು ನಿಲ್ಲುತ್ತಿದ್ದರಂತೆ. ಉಸಿರು ಎಳೆದು ಬಿಡುವಷ್ಟು ಹೊತ್ತು ಇಡೀ ಕೋಣೆ ಸುಮ್ಮನೆ. ಆಮೇಲೆ ಪಾಠ. ಒಂದು ದಿನ ಕಿಟಕಿಯ ಹೊರಗೆ ನಿಂತಿದ್ದ ಹೆಡ್ಮಾಸ್ಟರು, ಉಳಿದ ಅಷ್ಟನ್ನು ಬೇರೆ ಯಾರಿಂದಲಾದರೂ ಹೇಳಿಸಬಾರದೇ ಎಂದರಂತೆ. ಅದು ಆಕಿದು ಸಾರ್, ಆಕಿ ಬಂದು ಅಂತಾಳ ಎಂದು ಟೀಚರು ಹೇಳಿದರಂತೆ.

ಒಂದು ಭಾನುವಾರ ನಡು ಮಧ್ಯಾಹ್ನ ಹಡಗಲಿಯ ಆಚೆ, ಭತ್ತ ಕುಯ್ದ ಗದ್ದೆಯಲ್ಲಿ ನಮ್ಮ ಮಂದೆ ಬೀಡು ಬಿಟ್ಟಿತ್ತು. ನಾನು ಮೂರು ಕಲ್ಲಿನ ಒಲೆ ಊದುತ್ತಿದ್ದೆ. ನಾಯಿಗಳು ಬೊಗಳಿದವು. ಬದುವಿನ ಮೇಲೆ ಆ ದೊಡ್ಡ ಚೀಲ ಕಂಡಿತು, ಆಮೇಲೆ ಅದರ ಕೆಳಗೆ ಟೀಚರು ಕಂಡರು. ಬಸ್ಸು ಬದಲಿಸಿ ಬದಲಿಸಿ, ಕಂಡ ಕಂಡ ಕುರಿಮಂದೆಯವರನ್ನು ಕೇಳಿಕೊಂಡು ಬಂದಿದ್ದರು. ನಾಯಿಗಳಿಗೆ ಹೆದರಿ ದೂರದಲ್ಲೇ ನಿಂತರು. ನನ್ನ ಹೆಸರು ಹಿಡಿದು ಕರೆಯಲಿಲ್ಲ. ಎರಡೂ ಕೈ ಎತ್ತಿ ಎಂಟು ಬೆರಳುಗಳನ್ನು ಒಂದೊಂದಾಗಿ ಮಡಚಿ, ಒಂಬತ್ತನೆಯದನ್ನು ನನ್ನ ಕಡೆ ಚಾಚಿ ಹಿಡಿದರು. ನಾನು ಹೊಗೆಯ ನೆಪ ಮಾಡಿ ಕಣ್ಣೊರೆಸಿಕೊಂಡೆ.

ಅಪ್ಪ ನಾಯಿ ಗದರಿಸಿ, ಹೆಗಲ ಮೇಲಿನ ಕಂಬಳಿಯನ್ನು ಜಾಡಿಸಿ ನೆಲಕ್ಕೆ ಹಾಸಿದ. ಮನೆಗೆ ದೊಡ್ಡವರು ಬಂದರೆ ನಮ್ಮಲ್ಲಿ ಕಂಬಳಿ ಹಾಸುವುದೇ ಮೊದಲ ಮಾತು. ‘ಬರ್ರಿ ಅಕ್ಕೋರ, ಕುಂದರ್ರಿ’ ಎಂದ. ಟೀಚರು ಕೂತರು. ಚೀಲದಿಂದ ಆ ಬಟ್ಟೆಯ ಘನವನ್ನು ತೆಗೆದು ಅಪ್ಪನ ಕೈಗಿಟ್ಟರು. ಬಸ್ಸಿನಲ್ಲಿ ಅರ್ಧ ಹತ್ತಿ ಈಚೆ ಬಂದಿತ್ತು.

‘ಇದರ ಹೆಸರಿನ ಕೊನಿಗೆ ಹೆಡ್ರಾ ಅಂತ ಬರತೈತಿ. ಹಂಗಂದ್ರ ಕುಂದರೋ ಜಾಗ. ನೋಡ್ರಿ, ನಾನು ಬಂದ ಕೂಡಲೇ ನೀವು ನನಗ ಜಾಗ ಮಾಡಿ ಕೊಟ್ರಿ. ಸಾಲಿಯೊಳಗ ನಿಮ್ಮ ಮಗಳ ಜಾಗ ಹಿಂಗ ಐತಿ’ ಎಂದು ಆ ತೂತಿನ ಮೇಲೆ ಬೆರಳಿಟ್ಟರು.

ಅಪ್ಪ ಘನವನ್ನು ತಿರುಗಿಸಿ ತಿರುಗಿಸಿ ನೋಡಿದ. ಮಂದೆಯ ಸುತ್ತ ಮುಳ್ಳಿನ ಬೇಲಿ ಹಾಕುವವನು ಅವನು. ಉಳಿದ ಅರವತ್ತೊಂದು ತುಂಡಿನ ಅಂದ ಅವನಿಗೆ ಕಾಣಲೇ ಇಲ್ಲ. ತೂತಿನೊಳಗೆ ಎರಡು ಬೆರಳು ತೂರಿಸಿ ‘ತೋಳ ಬರಾಕ ಇಷ್ಟು ಸಂದು ಸಾಕ್ರಿ’ ಎಂದ. ಘನವನ್ನು ಟೀಚರ ಕೈಗೆ ವಾಪಸ್ಸು ಕೊಟ್ಟ. ಆಮೇಲೆ, ನಾಳೆ ಕಳಿಸುತ್ತೇನೆ ಎಂದ.

‘ನಾಳಿ ಅನ್ನೋದನ್ನ ನಿಮ್ಮ ಮಗಳ ಬಾಯಾಗ ಆರು ತಿಂಗಳು ಕೇಳೀನ್ರಿ’ ಎಂದರು ಟೀಚರು.

ಅಪ್ಪ ನನ್ನ ಕಡೆ ನೋಡಿದ, ಒಲೆಯ ಕಡೆ ನೋಡಿದ, ಮೀಸೆಯಲ್ಲೇ ನಕ್ಕ. ರೊಟ್ಟಿ ತಾವೇ ಬಡಿದುಕೊಳ್ಳುತ್ತೇವೆ, ಸುಟ್ಟರೆ ಸುಟ್ಟದ್ದೇ ತಿನ್ನುತ್ತೇವೆ ಎಂದ. ನನ್ನ ಎದೆ ಹಗುರಾದದ್ದು ಇವತ್ತಿಗೂ ನೆನಪಿದೆ.

ಅಷ್ಟಕ್ಕೆ ಸುಮ್ಮನಿದ್ದರೆ ಆಗುತ್ತಿತ್ತು. ಟೀಚರು ಗೆದ್ದ ಹುರುಪಿನಲ್ಲಿ ಕತ್ತರಿ ತೆಗೆದು, ತಾವು ಕೂತಿದ್ದ ಕಂಬಳಿಯ ಮೂಲೆಯನ್ನೇ ಹಿಡಿದರು. ಅಪ್ಪ ಗಾಬರಿಯಿಂದ ಕೈ ಅಡ್ಡ ಹಿಡಿದ. ‘ಕುಂತ ಕಂಬಳಿಗೆ ಕತ್ತರಿ ಹಾಕಬಾರದ್ರಿ ಅಕ್ಕೋರ.’ ಆ ಹೆಂಗಸು ತಪ್ಪು ಮಾಡಿ ನಾಲಿಗೆ ಕಚ್ಚಿಕೊಂಡದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಥಟ್ಟನೆ ಎದ್ದು ಕಂಬಳಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಆಮೇಲೆ ಅಪ್ಪ ಮರಿಗಳಿಗೆ ಹೊದಿಸುತ್ತಿದ್ದ ಹಳೆಯ ಕಂಬಳಿ ತಂದು, ತಾನೇ ಒಂದು ತುಂಡು ಕತ್ತರಿಸಿ ಕೊಟ್ಟ. ಆರು ತಿಂಗಳು ನಾನು ಮುಚ್ಚಿಟ್ಟಿದ್ದ ಕುರಿ ವಾಸನೆಯನ್ನು ಟೀಚರು ಮೂಗಿಗೆ ಹಿಡಿದು ನೋಡಿದರು. ‘ಇದಾ? ಇದಕ್ಕ ನಾಚಿದ್ಯಾ?’ ಎಂದರು.

ವಾಪಸ್ಸು ಬರುವಾಗ ಅವರು ಓದಿನ ಮಹಿಮೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಮಂಡಕ್ಕಿ ಕೊಟ್ಟರು, ನಿಘಂಟು ತೆರೆದರು. ಕಂಡಕ್ಟರು ಬಾಗಿಲಲ್ಲಿ ನಿಂತು ‘ಹಬೊಹಳ್ಳಿ, ಹಬೊಹಳ್ಳಿ’ ಎಂದು ಕೂಗಿದ. ಈಗ ಎದ್ದು ಜಗಳ ತೆಗೆಯುತ್ತಾರೆಂದು ನಾನು ಕಾದೆ. ಅವರು ಪುಸ್ತಕದಿಂದ ತಲೆ ಎತ್ತಿ ನನ್ನ ಮುಖ ನೋಡಿದರು. ನೋಡುತ್ತಲೇ ಇದ್ದರು. ಕೊನೆಗೆ ನಾನೇ ಎದ್ದು ನಿಂತು, ಹಗರಿಬೊಮ್ಮನಹಳ್ಳಿ ಅನ್ರಿ ಎಂದೆ. ಗುರುತಿಲ್ಲದ ಜನರ ಎದುರು ನಾನು ಗಟ್ಟಿಯಾಗಿ ಆಡಿದ ಮೊದಲ ಮಾತು ಅದು. ಕಂಡಕ್ಟರು ಹೆದರಿ ಪೂರ್ತಿ ಕೂಗಿದ.

ಮರುದಿನ ಕ್ಲಾಸಿನಲ್ಲಿ ಎಂಟು ಮಂದಿ ಹೇಳಿದರು, ನಾನು ಒಂಬತ್ತನೆಯದನ್ನು ಹೇಳಿದೆ, ಪಾಠ ಶುರುವಾಯಿತು. ಅಷ್ಟೇ. ಕಂಬಳಿಯ ತ್ರಿಕೋನ ಹೊಲಿಯುವಾಗ ಎರಡು ಸೂಜಿ ಮುರಿದವು. ಅದು ಉಳಿದೆಲ್ಲ ತುಂಡುಗಳಿಗಿಂತ ದಪ್ಪ, ತೂಕವೂ ಹೆಚ್ಚು. ಹಾಗಾಗಿ ಘನವನ್ನು ಎತ್ತ ಉರುಳಿಸಿದರೂ ಹೊರಳಿ ಹೊರಳಿ ನನ್ನ ತ್ರಿಕೋನದ ಮೇಲೆಯೇ ಬಂದು ಕೂರುತ್ತಿತ್ತು. ನನ್ನದು ಯಾರಿಗೂ ಕಾಣುವುದೇ ಇಲ್ಲವಲ್ಲ ಎಂದು ನಾನು ಮುಖ ಸಣ್ಣಗೆ ಮಾಡಿದರೆ, ಉಳಿದವರೆಲ್ಲ ನಿನ್ನ ಮೇಲೆ ಕೂತಿದ್ದಾರೆ, ಇನ್ನೇನು ಬೇಕು ಎಂದರು ಟೀಚರು.

ನಾನು ಪಾಸಾದೆ. ಗಣಿತದಲ್ಲಿ ಹೇಳಿಕೊಳ್ಳುವಂಥ ಅಂಕವೇನೂ ಬರಲಿಲ್ಲ, ಅವರಿಗೆ ಅದರ ಬಗ್ಗೆ ಒಂದಿಷ್ಟು ಸಿಟ್ಟಿತ್ತು. ನರ್ಸಿಂಗ್ ಓದಿ ಈಗ ಹರಪನಹಳ್ಳಿಯ ಒಂದು ಆಸ್ಪತ್ರೆಯಲ್ಲಿದ್ದೇನೆ. ಗುಳಿಗೆಗಳ ಉದ್ದುದ್ದ ಹೆಸರುಗಳನ್ನು ನಾನು ಬೆರಳು ಮಡಚಿ ಓದುವುದನ್ನು ಕಂಡು ಡಾಕ್ಟರು ನಗುತ್ತಾರೆ. ಆದರೆ ಇವತ್ತಿನ ತನಕ ಒಂದನ್ನೂ ತಪ್ಪಿ ಕೊಟ್ಟಿಲ್ಲ.

ಅವರ ಬೀಳ್ಕೊಡುಗೆಯ ದಿನ ನನಗೆ ರಜೆ ಸಿಗಲಿಲ್ಲ. ಜೊತೆಯವಳೊಬ್ಬಳು ಹೆರಿಗೆ ರಜೆಯಲ್ಲಿದ್ದಳು, ವಾರ್ಡು ತುಂಬಿತ್ತು. ಬೆಳಿಗ್ಗೆಯಿಂದ ಮನಸ್ಸು ಶಾಲೆಯಲ್ಲೇ ಇತ್ತು. ಹನ್ನೊಂದೂವರೆಗೆ, ಒಬ್ಬ ಅಜ್ಜನ ಕೈಗೆ ಸಲೈನ್ ಹಾಕಿ ಪಟ್ಟಿ ಅಂಟಿಸುತ್ತಿದ್ದಾಗ ಫೋನ್ ಬಂತು. ಹಳೆಯ ಗೆಳತಿ. ಅವಳು ಮಾತಾಡಲಿಲ್ಲ. ಫೋನಿನೊಳಗಿಂದ ಗಡಸು ದನಿಯೊಂದು ‘ರಾಂ’ ಎಂದಿತು. ಇನ್ನೊಂದು ‘ಬಿ’ ಎಂದಿತು. ಅಂದು ನನ್ನ ಜೊತೆ ಪದ ಹೇಳುತ್ತಿದ್ದವರೇ ಅವರು. ಈಗ ಹಾಲು ಡೇರಿಯವನು, ಕೊಟ್ಟೂರಿನ ಬಟ್ಟೆ ಅಂಗಡಿಯವಳು, ಪೊಲೀಸು, ಎಲ್ಲರ ದನಿಯೂ ದಪ್ಪಗಾಗಿತ್ತು. ಎಂಟನೆಯವನು ‘ಹೀ’ ಎಂದು ಎತ್ತಿ ಹೇಳಿದ. ಆಮೇಲೆ ಸದ್ದಿಲ್ಲ. ಅಲ್ಲಿ ಪೆಂಡಾಲ್ ಬಟ್ಟೆ ಗಾಳಿಗೆ ಪಟಪಟ ಎನ್ನುವುದು ಕೇಳುತ್ತಿತ್ತು.

ವಾರ್ಡಿನವರೆಲ್ಲ ನನ್ನನ್ನೇ ನೋಡುತ್ತಿದ್ದರು. ಒಂದು ಉಸಿರು ತೆಗೆದುಕೊಂಡೆ.

‘ಡ್ರನ್’ ಎಂದೆ.

‘ಹಾಜರಿ ಆತು’ ಎಂದು ದೂರದಲ್ಲಿ ಟೀಚರ ದನಿ ಕೇಳಿತು, ಫೋನ್ ಕಟ್ಟಾಯಿತು. ಸಲೈನಿನ ಅಜ್ಜ, ಏನವ್ವ ಅದು ಎಂದು ಕೇಳಿದ. ನಮ್ಮ ಸಾಲಿದು ಎಂದೆ.

ಸಂಜೆ ಗೆಳತಿ ಎಲ್ಲವನ್ನೂ ಹೇಳಿದಳು. ವೇದಿಕೆಯ ಮೇಲೆ ಹೂವು ಕಟ್ಟಿದ ದೊಡ್ಡ ಕುರ್ಚಿ ಇಟ್ಟಿದ್ದರಂತೆ. ಹಾರ ಹಾಕಿ, ಶಾಲು ಹೊದಿಸಿ, ಕೂತುಕೊಳ್ಳಿ ಎಂದು ಹೆಡ್ಮಾಸ್ಟರು ಎರಡು ಸಲ ಹೇಳಿದರಂತೆ, ಇಲಾಖೆಯ ಸಾಹೇಬರು ಒಂದು ಸಲ ಹೇಳಿದರಂತೆ. ಟೀಚರು ಬಟ್ಟೆಯ ಘನವನ್ನು ಎದೆಗೆ ಒತ್ತಿಕೊಂಡು ನಿಂತೇ ಇದ್ದರಂತೆ. ಫೋನಿನಲ್ಲಿ ನನ್ನ ದನಿ ಬಂದ ಮೇಲೆ ಕೂತರಂತೆ.